ಸೊನ್ನೆ ತಿರುಗಿಸಿದ ಮೇಲೆ ದಾರಿ ನೆನಪಿಟ್ಟವರು ಯಾರು?

ತೊಂಬತ್ತರ ದಶಕದ ಕೊನೆಯಲ್ಲಿ ಬೆಳಗಾವಿಯ ನೆಹರು ನಗರಕ್ಕೆ ಆಸ್ಪತ್ರೆ ಕೆಲಸಕ್ಕೆಂದು ಬಂದವರ ಕಿಸೆಯಲ್ಲಿ ಎರಡು ಚೀಟಿ ಇರುತ್ತಿದ್ದವು. ಒಂದು ವೈದ್ಯರದು. ಇನ್ನೊಂದರಲ್ಲಿ ಊರಿನ ಫೋನ್ ನಂಬರು, ಅದರ ಎಡಕ್ಕೆ ಎಸ್‌ಟಿಡಿ ಕೋಡು. ಕೆಎಲ್‌ಇ ಆಸ್ಪತ್ರೆಗೆ ಗೋವಾದಿಂದ, ಕೊಲ್ಲಾಪುರದ ಕಡೆಯಿಂದ, ಉತ್ತರ ಕನ್ನಡದಿಂದ, ಖಾನಾಪುರದ ಕಾಡಂಚಿನ ಹಳ್ಳಿಗಳಿಂದ ಜನ ಬರುತ್ತಿದ್ದರು, ಈಗಲೂ ಬರುತ್ತಾರೆ. ಆಪರೇಷನ್ ಮುಗಿಯಿತೇ, ದುಡ್ಡು ಸಾಕಾಯಿತೇ ಎಂದು ಮನೆಗೆ ತಿಳಿಸಬೇಕಾದರೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತೇ ಗತಿ. ಬೂತಿನ ಗೋಡೆಯ ಮೇಲೆ ಕೋಡುಗಳ ಪಟ್ಟಿ, ಎದುರಿಗೆ ಕೆಂಪಂಕಿ ಏರುತ್ತಾ ಹೋಗುವ ಮೀಟರು. ರಾತ್ರಿ ಹನ್ನೊಂದರ ಮೇಲೆ ಕಾಲು ದರವಾದ್ದರಿಂದ ಅಷ್ಟೊತ್ತಿಗೆ ಸರದಿ ಸಾಲು.

ಆ ಪಟ್ಟಿಯ ಒಂದು ತುಣುಕನ್ನು ಇಲ್ಲಿ ಬರೆಯುತ್ತೇನೆ. ಬೆಳಗಾವಿ 0831. ಗೋವಾ 0832. ಹುಬ್ಬಳ್ಳಿ-ಧಾರವಾಡ 0836. ಗೋಕಾಕ 08332. ಖಾನಾಪುರ 08336. ಚಿಕ್ಕೋಡಿ 08338.

ಹುಬ್ಬಳ್ಳಿಗೂ ಖಾನಾಪುರಕ್ಕೂ ನಡುವೆ ಇರುವುದು ಒಂದೇ ಒಂದು ಮೂರು. ಬೆರಳು ಅವಸರಪಟ್ಟು ಒಂದು ಮೂರನ್ನು ನುಂಗಿದರೆ ಖಾನಾಪುರದ ಅಜ್ಜಿಯ ಬದಲು ಹುಬ್ಬಳ್ಳಿಯ ಯಾವುದೋ ಅಂಗಡಿಯವರು ‘ಯಾರ್ರೀ ಅದು’ ಎನ್ನಬಹುದಿತ್ತು. ಮನುಷ್ಯರ ಪಾಡು ಹಾಗಿರಲಿ, ಯಂತ್ರದ ಪಾಡು ನೋಡಿ. ದೂರದಲ್ಲೆಲ್ಲೋ ಕೂತ ಎಕ್ಸ್‌ಚೇಂಜಿಗೆ ಮೊದಲು ಸೊನ್ನೆ ಬರುತ್ತದೆ, ಆಮೇಲೆ ಎಂಟು, ಆಮೇಲೆ ಮೂರು. ಇಲ್ಲಿಯವರೆಗೆ ಈ ಆರೂ ಊರುಗಳು ಒಂದೇ. ನಾಲ್ಕನೆಯ ಅಂಕಿ ಒಂದಾದರೆ ಬೆಳಗಾವಿ, ಕೋಡು ಮುಗಿಯಿತು. ಎರಡಾದರೆ ಗೋವಾ, ಆರಾದರೆ ಹುಬ್ಬಳ್ಳಿ, ಆಗಲೂ ಮುಗಿಯಿತು. ಮೂರಾದರೆ ಮಾತ್ರ ಇನ್ನೂ ಮುಗಿದಿಲ್ಲ, ಮತ್ತೊಂದು ಅಂಕಿಗೆ ಕಾಯಬೇಕು. ಕಾದ ಮೇಲೆ ಬಂದದ್ದು ಎರಡೋ ಆರೋ ಎಂಟೋ ನೋಡಿ, ಯಾವ ತಂತಿಯ ಮೇಲೆ ಕಳಿಸಬೇಕು, ಆ ತಂತಿ ಖಾಲಿ ಇಲ್ಲದಿದ್ದರೆ ಯಾವ ಸುತ್ತುದಾರಿ, ನಿಮಿಷಕ್ಕೆ ಎಷ್ಟು ಹಣ ಎಂದು ಲೆಕ್ಕ ಹಾಕಬೇಕು. ಇಷ್ಟೂ ಸಂಗತಿಯನ್ನು ಎಲ್ಲೋ ಒಂದು ಕಡೆ ಬರೆದಿಟ್ಟಿರಲೇಬೇಕು. ಕಂಪ್ಯೂಟರ್ ಇದ್ದರೆ ಇದು ಮಾತೇ ಅಲ್ಲ. ಆದರೆ ಮನೆಯಿಂದಲೇ ದೂರದ ಊರಿಗೆ ಡಯಲ್ ಮಾಡುವ ಈ ಎಸ್‌ಟಿಡಿ ವ್ಯವಸ್ಥೆ ಬಂದಾಗ ಎಕ್ಸ್‌ಚೇಂಜುಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಹಾಗಾದರೆ ಎಲ್ಲಿ ಬರೆದಿಟ್ಟರು?

ಟ್ರಂಕ್ ಕಾಲಿನ ಕಾಲದಲ್ಲಿ

ಅದಕ್ಕೂ ಮುಂಚೆ ನೆನಪು ಇದ್ದದ್ದು ಮನುಷ್ಯರ ತಲೆಯಲ್ಲಿ. 180ಕ್ಕೆ ಫೋನ್ ಮಾಡಿ ಟ್ರಂಕ್ ಕಾಲ್ ಬುಕ್ ಮಾಡುವುದು, ರಿಸೀವರ್ ಇಟ್ಟು ಕಾಯುವುದು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಅರ್ಜೆಂಟಿಗೆ ದುಪ್ಪಟ್ಟು ದರ, ಲೈಟ್ನಿಂಗಿಗೆ ಎಂಟು ಪಟ್ಟು. ಸಾವಿನ ಸುದ್ದಿಗೆ ಲೈಟ್ನಿಂಗ್, ಹೆಣ್ಣು ನೋಡುವ ಸುದ್ದಿಗೆ ಆರ್ಡಿನರಿ. ಇಂಥವರೇ ಬಂದು ಮಾತಾಡಬೇಕು ಎಂದರೆ ಪಿಪಿ ಕಾಲ್. ಮೂರು ನಿಮಿಷಕ್ಕೊಂದು ಲೆಕ್ಕ.

ಆಪರೇಟರ್ ಒಂದು ಚೀಟಿಯಲ್ಲಿ ಎರಡೂ ನಂಬರು, ಸಮಯ ಬರೆದುಕೊಳ್ಳುತ್ತಿದ್ದರು. ಯಾವ ಊರಿಗೆ ಯಾವ ಊರಿನ ಮೂಲಕ ಹೋಗಬೇಕು ಎಂಬ ಕೈಪಿಡಿ ಮೇಜಿನ ಮೇಲಿರುತ್ತಿತ್ತು. ಅನುಭವಸ್ಥರಿಗೆ ಅದನ್ನು ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಮಳೆಗಾಲದಲ್ಲಿ ಯಾವ ಲೈನು ಕೈಕೊಡುತ್ತದೆ ಎನ್ನುವುದೂ ಅವರಿಗೆ ಗೊತ್ತು. ಮಲಪ್ರಭೆ ಹುಟ್ಟುವ ಕಣಕುಂಬಿ ಖಾನಾಪುರ ತಾಲ್ಲೂಕಿನದು. ಆ ಕಡೆಯ ಮಳೆ ಕಂಡವರಿಗೆ ಕಂಬದ ಮೇಲಿನ ಬೋಳು ತಂತಿಯ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಈ ಗಡಿಭಾಗದಲ್ಲಿ ಟ್ರಂಕ್ ಬೋರ್ಡಿಗೆ ಕನ್ನಡ, ಮರಾಠಿ, ಕೊಂಕಣಿ ಮೂರರಲ್ಲೂ ‘ಹಲೋ’ ಬರುವುದು. ಯಂತ್ರಕ್ಕೆ ಇಷ್ಟೆಲ್ಲ ಕಲಿಸುವುದು ಸುಲಭದ ಮಾತಾಗಿರಲಿಲ್ಲ, ಮತ್ತು ಮೊದಲು ಬಂದ ಯಂತ್ರಕ್ಕೆ ಕಲಿಯುವ ಯೋಗ್ಯತೆಯೇ ಇರಲಿಲ್ಲ.

ಕೇಳಿದ್ದನ್ನು ಅಲ್ಲೇ ಮರೆಯುವ ಯಂತ್ರ

ಆ ಯಂತ್ರ ಸ್ಟ್ರೌಜರ್. ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬಾತ ವೃತ್ತಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವವ. ಆಪರೇಟರು ತನ್ನ ಗಿರಾಕಿಗಳನ್ನು ಪ್ರತಿಸ್ಪರ್ಧಿಯ ಕಡೆ ತಿರುಗಿಸುತ್ತಾಳೆ ಎಂಬ ಗುಮಾನಿಯಿಂದ ಆಪರೇಟರೇ ಬೇಡದ ಎಕ್ಸ್‌ಚೇಂಜನ್ನು ಯೋಚಿಸಿದ ಎಂಬ ಕತೆ ಇದೆ. ಕತೆ ಎಷ್ಟು ನಿಜವೋ, 1891ರಲ್ಲಿ ಪೇಟೆಂಟ್ ಸಿಕ್ಕಿದ್ದಂತೂ ನಿಜ. ಮರುವರ್ಷ ಇಂಡಿಯಾನಾದ ಲಾ ಪೋರ್ಟ್ ಊರಿನಲ್ಲಿ ಅದು ಕೆಲಸ ಶುರುಮಾಡಿತು. ಭಾರತದ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲನೇ ಮಹಾಯುದ್ಧದ ಹೊತ್ತಿಗೆ ಶಿಮ್ಲಾಕ್ಕೆ ಬಂತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಬೆಂಗಳೂರಿನಲ್ಲಿ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿತು. ಅದರ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರಾಯಿತು. ದೇಶಕ್ಕೆಲ್ಲ ಬೇಕಾದ ಕಪ್ಪು ಫೋನುಗಳೂ ಸ್ಟ್ರೌಜರ್ ಯಂತ್ರಗಳೂ ಅಲ್ಲಿ ತಯಾರಾಗತೊಡಗಿದವು.

ಅದು ಕೆಲಸ ಮಾಡುವ ರೀತಿ ಕಣ್ಣಿಗೆ ಕಾಣುವಂಥದು, ಕಿವಿಗೆ ಕೇಳುವಂಥದು. ಡಯಲ್ ತಿರುಗಿಸಿ ಬಿಟ್ಟರೆ ಅದು ಹಿಂದಕ್ಕೆ ಮರಳುತ್ತಾ ಸೆಕೆಂಡಿಗೆ ಸುಮಾರು 10ರಂತೆ ವಿದ್ಯುತ್ತನ್ನು ಕಡಿದು ಕಡಿದು ಕೊಡುತ್ತದೆ. ಮೂರಕ್ಕೆ ಮೂರು ಪಲ್ಸ್, ಸೊನ್ನೆಗೆ ಹತ್ತು. ಎಕ್ಸ್‌ಚೇಂಜಿನಲ್ಲಿ ಒಂದು ಸೆಲೆಕ್ಟರ್ ಅಷ್ಟೇ ಮೆಟ್ಟಿಲು ಕಟಕಟನೆ ಏರುತ್ತದೆ, ನಂತರ ಪಕ್ಕಕ್ಕೆ ತಿರುಗಿ ಖಾಲಿ ಇರುವ ಮುಂದಿನ ಸೆಲೆಕ್ಟರನ್ನು ಹಿಡಿಯುತ್ತದೆ. ಹತ್ತು ಮಜಲು, ಮಜಲಿಗೆ ಹತ್ತು ಸಂಪರ್ಕ ಬಿಂದು. ಮುಂದಿನ ಅಂಕಿ ಮುಂದಿನ ಸೆಲೆಕ್ಟರಿಗೆ. ಅಂಕಿಯೇ ಯಂತ್ರವನ್ನು ನೇರವಾಗಿ ನಡೆಸುತ್ತದೆ, ನಡೆಸಿ ಅಲ್ಲೇ ಖರ್ಚಾಗಿ ಹೋಗುತ್ತದೆ. ಗಿರಾಕಿ ಐದನೆಯ ಅಂಕಿ ತಿರುಗಿಸುವಾಗ ಮೊದಲನೆಯದು ಯಾವುದಿತ್ತು ಎಂದು ಕೇಳಿದರೆ ಹೇಳುವವರಿಲ್ಲ. ಸೆಲೆಕ್ಟರು ಯಾವ ಮಜಲಿನಲ್ಲಿ ನಿಂತಿದೆಯೋ ಅದೇ ಅದರ ನೆನಪು.

ಒಂದು ಊರಿನೊಳಗೆ ಇದು ಚೆಂದ ನಡೆಯುತ್ತದೆ. ದೂರದ ಊರಿಗೆ ಹೊರಟಾಗ ಎಡವುತ್ತದೆ. ಬೆಂಗಳೂರಿನಿಂದ ಬೆಳಗಾವಿಗೆ ಹೊರಟ ಕರೆ ಒಂದು ದಾರಿ ಹಿಡಿದು ಅರ್ಧಕ್ಕೆ ಹೋದ ಮೇಲೆ ಮುಂದೆ ಲೈನು ಖಾಲಿ ಇಲ್ಲ ಎಂದಾದರೆ ಹಿಂದಿರುಗಿ ಬೇರೆ ದಾರಿ ಹಿಡಿಯುವಂತಿಲ್ಲ, ಏಕೆಂದರೆ ಹಿಂದಿನ ಅಂಕಿಗಳು ಕೈಯಲ್ಲಿ ಉಳಿದಿಲ್ಲ. ಅಷ್ಟೇ ಅಲ್ಲ. ಬೆಳಗಾವಿಯ ಕೋಡು ದೇಶದ ಎಲ್ಲ ಕಡೆಯಿಂದಲೂ ಒಂದೇ ಇರಬೇಕೆಂದರೆ, ಹುಬ್ಬಳ್ಳಿಯಲ್ಲಿ 0831 ಒತ್ತಿದಾಗ ಒಂದು ದಾರಿ, ಪುಣೆಯಲ್ಲಿ ಒತ್ತಿದಾಗ ಇನ್ನೊಂದು ದಾರಿ ತೆರೆಯಬೇಕು. ಅಂಕಿ ವಿಳಾಸವಾಗಬೇಕು, ದಾರಿ ಹುಡುಕುವ ಕೆಲಸ ಎಕ್ಸ್‌ಚೇಂಜಿನದಾಗಬೇಕು. ಅದಕ್ಕೆ ಎರಡು ಬಗೆಯ ನೆನಪು ಬೇಕು. ಗಿರಾಕಿ ಹೇಳಿದ ಅಂಕಿಗಳನ್ನು ನಾಲ್ಕಾರು ಸೆಕೆಂಡು ಹಿಡಿದಿಟ್ಟುಕೊಳ್ಳುವ ತಾತ್ಕಾಲಿಕ ನೆನಪು ಒಂದು. ಯಾವ ಕೋಡಿಗೆ ಯಾವ ದಾರಿ ಎಂಬ ಕಾಯಂ ನೆನಪು ಇನ್ನೊಂದು. ಮೊದಲನೆಯದಕ್ಕೆ ರಿಜಿಸ್ಟರ್ ಎಂದೂ ಎರಡನೆಯದಕ್ಕೆ ಟ್ರಾನ್ಸ್‌ಲೇಟರ್ ಎಂದೂ ಎಂಜಿನಿಯರುಗಳು ಕರೆದರು.

ಐದರಲ್ಲಿ ಎರಡು

ರಿಜಿಸ್ಟರಿನ ಜಾಣತನವನ್ನು ಹತ್ತಿರದಿಂದ ನೋಡಬೇಕು. ಸ್ಟ್ರೌಜರಿನ ನಂತರದ ಪೀಳಿಗೆಯವು ಕ್ರಾಸ್‌ಬಾರ್ ಎಂಬ ಎಕ್ಸ್‌ಚೇಂಜುಗಳು. ಅಮೆರಿಕದ ಬೆಲ್ ಕಂಪನಿಯ ಕ್ರಾಸ್‌ಬಾರ್‌ಗಳಲ್ಲಿ ಒಂದೊಂದು ಅಂಕಿಗೆ ಐದೈದು ರಿಲೇ. ರಿಲೇ ಎಂದರೆ ವಿದ್ಯುತ್ ಹರಿದಾಗ ಟಕ್ಕೆಂದು ಅಂಟಿಕೊಳ್ಳುವ ಪುಟ್ಟ ಸ್ವಿಚ್ಚು. ಈ ಐದಕ್ಕೆ 0, 1, 2, 4, 7 ಎಂದು ಹೆಸರು. ಯಾವ ಅಂಕಿ ಬಂದರೂ ಐದರಲ್ಲಿ ಎರಡು ರಿಲೇ ಮಾತ್ರ ಅಂಟಬೇಕು, ಅವೆರಡರ ಮೊತ್ತ ಆ ಅಂಕಿಗೆ ಸಮ. ಬೆಳಗಾವಿಯ 831ನ್ನೇ ಬರೆಯುವುದಾದರೆ, ಎಂಟಕ್ಕೆ 1 ಮತ್ತು 7, ಮೂರಕ್ಕೆ 1 ಮತ್ತು 2, ಒಂದಕ್ಕೆ 0 ಮತ್ತು 1. ಐದರಲ್ಲಿ ಎರಡನ್ನು ಆರಿಸುವ ಬಗೆಗಳು ಸರಿಯಾಗಿ ಹತ್ತು. ಒಂದರಿಂದ ಒಂಬತ್ತರವರೆಗಿನ ಅಂಕಿಗಳಿಗೆ ಮೊತ್ತದ ನಿಯಮ ಸಾಲುತ್ತದೆ. ಉಳಿದುಹೋಗುವ 4 ಮತ್ತು 7ರ ಜೋಡಿ ಹನ್ನೊಂದಾಗುತ್ತದಲ್ಲ, ಅದನ್ನು ಸೊನ್ನೆಗೆ ಕೊಟ್ಟರು.

ಇಷ್ಟು ಸುತ್ತುಬಳಸು ಏಕೆಂದರೆ ರಿಲೇಗಳಿಗೆ ಧೂಳು ಕೂರುತ್ತದೆ, ಅಂಟಿದ್ದು ಬಿಡುವುದಿಲ್ಲ, ಬಿಟ್ಟದ್ದು ಅಂಟುವುದಿಲ್ಲ. ಒಂದು ಕೆಟ್ಟರೆ ಎರಡರ ಬದಲು ಒಂದೋ ಮೂರೋ ಅಂಟುತ್ತವೆ. ತಕ್ಷಣ ಯಂತ್ರಕ್ಕೇ ತನ್ನ ತಪ್ಪು ತಿಳಿಯುತ್ತದೆ, ಕರೆ ತಪ್ಪು ಮನೆಗೆ ಹೋಗುವುದಿಲ್ಲ. ಇವತ್ತಿನ ಕಂಪ್ಯೂಟರುಗಳಲ್ಲಿರುವ ತಪ್ಪು ಪತ್ತೆಯ ಲೆಕ್ಕಾಚಾರಗಳಿಗೆ ಇದು ಹಿರಿಯಣ್ಣ.

ರಿಜಿಸ್ಟರುಗಳು ದುಬಾರಿ, ಮನೆಮನೆಗೆ ಒಂದೊಂದು ಕೊಡಲಾಗದು. ಒಂದು ಎಕ್ಸ್‌ಚೇಂಜಿಗೆ ಕೆಲವೇ ಕೆಲವು, ಎಲ್ಲರೂ ಸರದಿಯಲ್ಲಿ ಬಳಸಬೇಕು. ನಿಮ್ಮ ಅಂಕಿಗಳು ಕೈಸೇರಿ ಕರೆ ಹೊರಟ ಕೂಡಲೇ ಅದು ನಿಮ್ಮನ್ನು ಬಿಟ್ಟು ಇನ್ನೊಬ್ಬರ ಸೇವೆಗೆ ಹೋಗುತ್ತದೆ. ಅಂಥ ಎಕ್ಸ್‌ಚೇಂಜಿನಲ್ಲಿ ರಿಸೀವರ್ ಎತ್ತಿದಾಗ ಬರುವ ಡಯಲ್ ಟೋನಿನ ಅರ್ಥ ಇಷ್ಟೇ: ಒಂದು ರಿಜಿಸ್ಟರು ಖಾಲಿ ಸಿಕ್ಕಿದೆ, ಅಂಕಿ ಹೇಳಿ. ಎತ್ತಿ ಹಿಡಿದು ‘ಟೋನ್ ಬರವಲ್ದು’ ಎಂದು ಗೊಣಗುತ್ತಾ ನಿಂತವರಲ್ಲಿ ಎಷ್ಟೋ ಜನ ನಿಜವಾಗಿ ಕಾದದ್ದು ಈ ಐದೈದು ರಿಲೇಗಳ ಗುಂಪಿಗಾಗಿ.

ತೂತು ಬಿದ್ದ ತಗಡು, ಹಾದುಹೋದ ಬೆಳಕು

ಕಾಯಂ ನೆನಪಿನ ಕತೆ ಇನ್ನೂ ರೋಚಕ. 1947ರಲ್ಲಿ ಅಮೆರಿಕ-ಕೆನಡಾಗಳನ್ನು 86 ವಲಯಗಳಾಗಿ ಒಡೆದು ಮೂರಂಕಿಯ ಕೋಡು ಕೊಟ್ಟರು. ಹೆಚ್ಚು ಕರೆ ಹೋಗುವ ನ್ಯೂಯಾರ್ಕಿಗೆ 212, ಅಂದರೆ ಡಯಲ್ ಬರೀ ಐದು ಪಲ್ಸಿನಲ್ಲಿ ಮುಗಿಯುತ್ತದೆ. ನಮ್ಮಲ್ಲೂ ಇದೇ ಲೆಕ್ಕ ಕಾಣುತ್ತದೆ. ದೆಹಲಿಯ 011ಕ್ಕೆ ಸೊನ್ನೆಯೂ ಸೇರಿ 12 ಪಲ್ಸ್, ಬೆಳಗಾವಿಯ 0831ಕ್ಕೆ 22, ಖಾನಾಪುರದ 08336ಕ್ಕೆ 30. ರಾಜಧಾನಿಗೆ ಬೆರಳು ಕಡಿಮೆ ನೋಯಬೇಕು, ತಾಲ್ಲೂಕಿಗೆ ನೋಯಲಿ! ಆದರೆ ಈ ಹೋಲಿಕೆಯಲ್ಲಿ ಬರೀ ಪಕ್ಷಪಾತ ಕಾಣುವುದು ಸರಿಯಲ್ಲ. ಈಗಿನ ವ್ಯವಸ್ಥೆಯಲ್ಲಿ ಸೊನ್ನೆ ಬಿಟ್ಟು ಕೋಡು, ನಂಬರು ಎರಡೂ ಸೇರಿ 10 ಅಂಕಿ. ಬೆಂಗಳೂರಿಗೆ ಎರಡಂಕಿಯ ಕೋಡು, ಎಂಟಂಕಿಯ ನಂಬರು. ಬೆಳಗಾವಿಗೆ ಮೂರು ಮತ್ತು ಏಳು. ಖಾನಾಪುರಕ್ಕೆ ನಾಲ್ಕು ಮತ್ತು ಆರು. ಫೋನು ಹೆಚ್ಚಿರುವ ಊರಿಗೆ ನಂಬರಿನ ಜಾಗ ಹೆಚ್ಚು ಬೇಕು, ಹಾಗಾಗಿ ಕೋಡು ಚಿಕ್ಕದು.

1951ರ ನವೆಂಬರ್ 10ರಂದು ನ್ಯೂಜೆರ್ಸಿಯ ಎಂಗಲ್‌ವುಡ್ ಪಟ್ಟಣದ ಮೇಯರ್ ಆಪರೇಟರಿನ ನೆರವಿಲ್ಲದೆ ಖಂಡದ ಆಚೆ ತುದಿಯ ಕ್ಯಾಲಿಫೋರ್ನಿಯಾದ ಅಲಮೇಡಾ ಮೇಯರಿಗೆ ತಾವೇ ಡಯಲ್ ಮಾಡಿದರು. ಹದಿನೆಂಟು ಸೆಕೆಂಡಿನಲ್ಲಿ ಲೈನು ಸಿಕ್ಕಿತು. ಒಂದು ಊರಿಗೆ ಸಾಧ್ಯವಾದದ್ದನ್ನು ಇಡೀ ದೇಶಕ್ಕೆ ಮಾಡಲು ಹೊರಟಾಗ ಕೋಡುಗಳ ಸಂಖ್ಯೆ ಸಾವಿರ ಸಾವಿರವಾಯಿತು. ಪ್ರತಿ ಕೋಡಿಗೂ ತಂತಿ ಎಳೆದು ಬೆಸೆಯುತ್ತಾ ಹೋದರೆ, ಒಂದು ದಾರಿ ಬದಲಾದಾಗಲೆಲ್ಲ ಬೆಸುಗೆ ಬಿಚ್ಚಬೇಕು. ಆಗ ಬೆಲ್ ಪ್ರಯೋಗಾಲಯದವರು ಮಾಡಿದ್ದು ಕಾರ್ಡ್ ಟ್ರಾನ್ಸ್‌ಲೇಟರ್.

ಅದರಲ್ಲಿ ಅಂಗೈಗಿಂತ ದೊಡ್ಡ ಲೋಹದ ಕಾರ್ಡುಗಳು, ಸುಮಾರು ಸಾವಿರ, ಸಾಲಾಗಿ ಒತ್ತಾಗಿ ನಿಂತಿರುತ್ತವೆ. ಪ್ರತಿ ಕಾರ್ಡಿನಲ್ಲೂ ನೂರಕ್ಕೂ ಹೆಚ್ಚು ತೂತು. ಎಲ್ಲ ಕಾರ್ಡುಗಳ ತೂತುಗಳೂ ಒಂದರ ಹಿಂದೆ ಒಂದು ಬಂದು ಸುರಂಗಗಳಾಗುತ್ತವೆ. ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಬೆಳಕು ಗುರುತಿಸುವ ಫೋಟೊಟ್ರಾನ್ಸಿಸ್ಟರುಗಳು. ಕಾರ್ಡಿನ ಕೆಳ ಅಂಚಿನಲ್ಲಿ ಹಲ್ಲುಗಳಿವೆ, ಒಂದೊಂದು ಕಾರ್ಡಿನಲ್ಲಿ ಒಂದೊಂದು ರೀತಿ ಕತ್ತರಿಸಿದ್ದು. ಕೋಡು ಬಂದಾಗ ಹಲ್ಲುಗಳ ಕೆಳಗಿನ ಪಟ್ಟಿಗಳಲ್ಲಿ ಕೆಲವು ಸರಿಯುತ್ತವೆ, ಆ ಕೋಡಿನ ಕಾರ್ಡೊಂದೇ ಆಸರೆ ತಪ್ಪಿ ತುಸು ಕೆಳಗಿಳಿಯುತ್ತದೆ. ಬೆರಳಿನ ಅಗಲಕ್ಕಿಂತ ಕಡಿಮೆ. ಅಷ್ಟಕ್ಕೇ ಅದರ ತೂತುಗಳು ಸಾಲು ತಪ್ಪಿ ಬೆಳಕಿಗೆ ಅಡ್ಡ ಬರುತ್ತವೆ. ಆದರೆ ಕೆಲವು ತೂತುಗಳನ್ನು ಮೊದಲೇ ಉದ್ದಕ್ಕೆ ಕೊರೆದಿಟ್ಟಿರುತ್ತಾರೆ, ಕಾರ್ಡು ಇಳಿದರೂ ಅಲ್ಲಿ ಬೆಳಕು ಹಾಯುತ್ತದೆ. ಎಲ್ಲಿ ಬೆಳಕು ಬಂತು, ಎಲ್ಲಿ ಬರಲಿಲ್ಲ ಎಂಬುದೇ ಉತ್ತರ: ಮೊದಲ ದಾರಿ ಇದು, ಅದು ತುಂಬಿದ್ದರೆ ಎರಡನೆಯದು ಇದು, ಮುಂದಿನ ಎಕ್ಸ್‌ಚೇಂಜಿಗೆ ಇಷ್ಟು ಅಂಕಿ ಕಳಿಸು, ಇಷ್ಟು ಬಿಟ್ಟುಬಿಡು.

ಹೊಸ ದಾರಿ ಬಂತೆಂದರೆ ಹಳೆಯ ಕಾರ್ಡು ತೆಗೆದು ಹೊಸದಾಗಿ ಕೊರೆದ ಕಾರ್ಡು ಸಿಕ್ಕಿಸಿದರಾಯಿತು. ಬೆಸುಗೆ ಇಲ್ಲ, ತಂತಿ ಇಲ್ಲ. ಟ್ರಾನ್ಸಿಸ್ಟರ್ ಲೋಕಕ್ಕೆ ಗೊತ್ತಾದದ್ದು 1948ರಲ್ಲಿ. ಅದು ರೇಡಿಯೊ ಆಗಿ ನಮ್ಮ ಅಂಗಡಿಕಟ್ಟೆಗಳಿಗೆ ಬರುವ ಮುಂಚೆಯೇ ಅದರ ಸೋದರನಾದ ಫೋಟೊಟ್ರಾನ್ಸಿಸ್ಟರ್, ಐವತ್ತರ ದಶಕದ ಮೊದಲ ಭಾಗದಲ್ಲಿ, ದೂರದ ಕರೆಗೆ ದಾರಿ ಓದುವ ಕೆಲಸ ಹಿಡಿದಿತ್ತು.

ಅದೇ ಬೆಲ್ ಪ್ರಯೋಗಾಲಯದ ಡೈಮಂಡ್ ಎಂಬ ಎಂಜಿನಿಯರ್ ಬೇರೊಂದು ಬಗೆ ಕಂಡುಹಿಡಿದಿದ್ದರು. ಸಾಲಾಗಿ ಜೋಡಿಸಿದ ಸುರುಳಿ ಉಂಗುರಗಳು, ಒಂದೊಂದು ನಂಬರಿಗೆ ಒಂದೊಂದು ತಂತಿ. ಆ ತಂತಿ ಯಾವ ಉಂಗುರದ ಒಳಗೆ ಹಾಯ್ದಿದೆ, ಯಾವುದರ ಹೊರಗೆ ಹೋಗಿದೆ ಎನ್ನುವುದೇ ದಾಖಲೆ. ಹೂ ಕಟ್ಟುವವರು ದಾರದಲ್ಲಿ ಯಾವ ಹೂ ಪೋಣಿಸಬೇಕು, ಯಾವುದು ಬಿಡಬೇಕು ಎಂದು ಆರಿಸಿದ ಹಾಗೆ. ಬ್ರಿಟನ್ನಿನವರು 1958ರ ಡಿಸೆಂಬರ್ 5ರಂದು ಬ್ರಿಸ್ಟಲ್‌ನಲ್ಲಿ ಎಸ್‌ಟಿಡಿ ಆರಂಭಿಸಿದಾಗ ರಾಣಿ ಎಲಿಜಬೆತ್ ಎಡಿನ್‌ಬರೊಗೆ ಫೋನ್ ಮಾಡಿದರು. ಅವರ ವ್ಯವಸ್ಥೆಯಲ್ಲಿ ಮುಂದೆ ಸದಾ ಗಿರಗಿರ ತಿರುಗುವ ಮ್ಯಾಗ್ನೆಟಿಕ್ ಡ್ರಮ್ಮಿನ ಮೇಲೆ ಕೋಡುಗಳನ್ನು ದಾಖಲಿಸುವ ಟ್ರಾನ್ಸ್‌ಲೇಟರುಗಳೂ ಬಂದವು. ಇಂದಿನ ಹಾರ್ಡ್ ಡಿಸ್ಕಿನ ಮುತ್ತಾತ ಅನ್ನಿ.

ನಮ್ಮ ಎಸ್‌ಟಿಡಿ

ಭಾರತದ ಮೊದಲ ಎಸ್‌ಟಿಡಿ 1960ರಲ್ಲಿ ಲಖನೌ-ಕಾನ್ಪುರ ನಡುವೆ. ಎರಡು ಊರಿನ ನಡುವೆ ನೇರ ಲೈನಿದ್ದರೆ ದೊಡ್ಡ ನೆನಪೇನೂ ಬೇಡ. ಇಡೀ ದೇಶಕ್ಕೆ ಹಬ್ಬಿಸಲು ಕ್ರಾಸ್‌ಬಾರ್ ಬೇಕಾಯಿತು. 1964ರಲ್ಲಿ ಐಟಿಐ ಬೆಲ್ಜಿಯಂ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಪೆಂಟಾಕೊಂಟಾ ಎಂಬ ಕ್ರಾಸ್‌ಬಾರ್ ಯಂತ್ರಗಳನ್ನು ಬೆಂಗಳೂರಿನಲ್ಲೇ ತಯಾರಿಸಿತು. ಯುರೋಪಿನಲ್ಲಿ ಚೆನ್ನಾಗಿ ದುಡಿದ ಯಂತ್ರ ಇಲ್ಲಿ ಏದುಸಿರು ಬಿಟ್ಟಿತು. ಅಲ್ಲಿ ಮನೆಗೊಂದು ಫೋನು, ದಿನಕ್ಕೆ ನಾಲ್ಕಾರು ಕರೆ. ಇಲ್ಲಿ ಒಂದು ಫೋನಿಗೆ ಅರ್ಧ ಬೀದಿ. ಎಂಗೇಜ್ ಬಂದರೆ ಮತ್ತೆ ತಿರುಗಿಸು, ಮತ್ತೆ ಎಂಗೇಜ್, ಮತ್ತೆ ತಿರುಗಿಸು. ಪ್ರತಿ ಸಲವೂ ಒಂದು ರಿಜಿಸ್ಟರಿಗೆ ಕೆಲಸ. ಕೆಲವೇ ರಿಜಿಸ್ಟರುಗಳನ್ನು ಹಂಚಿಕೊಂಡು ಬಾಳುವ ವ್ಯವಸ್ಥೆ ಈ ಹೊರೆಗೆ ತಯಾರಾಗಿರಲಿಲ್ಲ. ಕೊನೆಗೆ ನಮ್ಮ ಎಂಜಿನಿಯರುಗಳೇ ಅದನ್ನು ತಿದ್ದಿ ಇಂಡಿಯನ್ ಕ್ರಾಸ್‌ಬಾರ್ ಎಂಬ ರೂಪ ಕೊಟ್ಟರು.

ಗಿರಾಕಿಗೆ ಇದಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಬಿಲ್ಲು. ದಾರಿಯನ್ನು ನೆನಪಿಡುವ ಯಂತ್ರ ಬಂದರೂ ಕರೆಯನ್ನು ನೆನಪಿಡುವ ಯಂತ್ರ ಬರಲಿಲ್ಲ. ಪ್ರತಿ ಗಿರಾಕಿಗೂ ಎಕ್ಸ್‌ಚೇಂಜಿನಲ್ಲಿ ಒಂದು ಪುಟ್ಟ ಮೀಟರು, ಸೈಕಲ್ಲಿನ ಕಿಲೋಮೀಟರ್ ಲೆಕ್ಕದಂಥದು. ಎಸ್‌ಟಿಡಿ ಕರೆಯಲ್ಲಿ ದೂರ ಹೆಚ್ಚಿದಷ್ಟೂ ಪಲ್ಸುಗಳು ಬೇಗಬೇಗ ಬಂದು ಅದನ್ನು ಮುಂದಕ್ಕೆ ತಳ್ಳುತ್ತವೆ. ಯಾರಿಗೆ ಮಾಡಿದ್ದು, ಯಾವಾಗ, ಎಷ್ಟು ಹೊತ್ತು ಒಂದೂ ಉಳಿಯುವುದಿಲ್ಲ, ಒಟ್ಟು ಮೊತ್ತ ಮಾತ್ರ. ‘ಇಷ್ಟು ಕಾಲ್ ನಾವು ಮಾಡೇ ಇಲ್ಲ’ ಎಂದು ಜಗಳಕ್ಕೆ ಹೋದವರ ಕೈಯಲ್ಲೂ ಪುರಾವೆ ಇಲ್ಲ, ಇಲಾಖೆಯ ಕೈಯಲ್ಲೂ ಇಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ಡಯಲಿನ ತೂತಿಗೆ ಬೀಗ ಬಿತ್ತು. ಅಮೆರಿಕದವರು 1948ರಲ್ಲೇ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಎಕ್ಸ್‌ಚೇಂಜಿನಲ್ಲಿ ಪ್ರತಿ ಕರೆಯ ವಿವರವನ್ನು ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ದಾಖಲಿಸತೊಡಗಿದ್ದರು. ನಮಗೆ ಕರೆವಾರು ಬಿಲ್ಲು ಬಂದದ್ದು ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿನ ಜೊತೆಗೆ, ದಶಕಗಳ ಮೇಲೆ. ಟೆಲಿಫೋನ್ ಇಲಾಖೆಯ ಬಗ್ಗೆ ಜನಕ್ಕಿದ್ದ ಸಿಟ್ಟಿನಲ್ಲಿ ದೊಡ್ಡ ಪಾಲು ನೆನಪಿಲ್ಲದ ಈ ಮೀಟರಿಗೆ ಸಲ್ಲಬೇಕು ಎಂದು ನನ್ನ ಅನಿಸಿಕೆ.

1986, ಕಿತ್ತೂರು

ಕಿತ್ತೂರು ಎಂದರೆ ಕನ್ನಡಿಗರಿಗೆ 1824, ಚೆನ್ನಮ್ಮ, ಥ್ಯಾಕರೆ. ಅದೇ ಕಿತ್ತೂರಿಗೆ 1986ರಲ್ಲಿ ಇನ್ನೊಂದು ಮೊದಲು ದಕ್ಕಿತು, ಅದು ಪಠ್ಯಪುಸ್ತಕಕ್ಕೆ ಹತ್ತಲಿಲ್ಲ. ದೇಶೀಯವಾಗಿ ರೂಪಿಸಿದ ಮೊದಲ ಡಿಜಿಟಲ್ ಗ್ರಾಮೀಣ ಎಕ್ಸ್‌ಚೇಂಜ್ ಆ ವರ್ಷ ಜುಲೈಯಲ್ಲಿ ಕೆಲಸ ಆರಂಭಿಸಿದ್ದು ಅಲ್ಲಿ. ಆಗ ಕಿತ್ತೂರು ಬೈಲಹೊಂಗಲ ತಾಲ್ಲೂಕಿನ ಊರು, ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ.

ಅದರ ಹಿಂದಿದ್ದದ್ದು ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್. 1984ರಲ್ಲಿ ಹುಟ್ಟಿದಾಗ ಅದಕ್ಕೆ ಕೊಟ್ಟದ್ದು 36 ಕೋಟಿ ರೂಪಾಯಿ ಮತ್ತು 36 ತಿಂಗಳು. ಸ್ಯಾಮ್ ಪಿತ್ರೋಡಾ ಅದರ ಮುಖವಾದರು. ಇಲಾಖೆಯಿಂದ ಬಂದ ಜಿ.ಬಿ. ಮೀಮಾಂಸಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದ ಎಂ.ವಿ. ಪಿಟ್ಕೆ ಮೊದಲಾದವರು ಕೆಲಸ ನಡೆಸಿದರು. ದೆಹಲಿಯಲ್ಲೂ ಬೆಂಗಳೂರಿನಲ್ಲೂ ಎಳೆಯ ಎಂಜಿನಿಯರುಗಳ ದಂಡು. ಆ ಹೊತ್ತಿಗೆ ವಿದೇಶಿ ಕಂಪನಿಗಳ ಡಿಜಿಟಲ್ ಎಕ್ಸ್‌ಚೇಂಜುಗಳು ಮಾರುಕಟ್ಟೆಯಲ್ಲಿದ್ದವು. ಅವೆಲ್ಲ ಸಾವಿರಾರು ಲೈನಿನವು, ಏರ್‌ಕಂಡೀಷನ್ ಕೋಣೆ ಬೇಡುವಂಥವು. ನೂರು ಫೋನಿನ ಹಳ್ಳಿಗೆ ಅವು ಯಾವ ಲೆಕ್ಕದಲ್ಲೂ ಒಗ್ಗುವಂತಿರಲಿಲ್ಲ. ಸಿ-ಡಾಟ್ ಮಾಡಿದ್ದು 128 ಪೋರ್ಟಿನ ಆರ್‌ಎಎಕ್ಸ್, ಅಂದರೆ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್. ಗೋದ್ರೇಜ್ ಕಪಾಟಿನಂಥ ಒಂದು ಪೆಟ್ಟಿಗೆ, ಹಳ್ಳಿಯ ಸೆಕೆಯಲ್ಲೂ ತಣ್ಣನೆ ಗಾಳಿಯಿಲ್ಲದೆ ನಡೆಯಬೇಕು, ಕರೆಂಟು ಹೋದರೆ ಬ್ಯಾಟರಿಯ ಮೇಲೆ ಓಡಬೇಕು.

ಇಲ್ಲಿ ನೆನಪು ಎಲ್ಲಿಗೆ ಬಂತು ನೋಡಿ. ಸ್ಟ್ರೌಜರಿನಲ್ಲಿ ಅದು ಸೆಲೆಕ್ಟರು ಏರಿ ನಿಂತ ಮಜಲು, ಕ್ರಾಸ್‌ಬಾರಿನಲ್ಲಿ ಅಂಟಿದ ರಿಲೇ, ಅಮೆರಿಕದ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ತಗಡಿನ ತೂತು. ಕಿತ್ತೂರಿನ ಪೆಟ್ಟಿಗೆಯಲ್ಲಿ ಅವೆಲ್ಲ ಉಗುರಿನಗಲದ ಚಿಪ್ಪುಗಳೊಳಗೆ ಸೇರಿದ್ದವು. ಒತ್ತಿದ ಅಂಕಿಗಳು, ಯಾರ ಲೈನು ಯಾವುದು, ಯಾರಿಗೆ ಎಸ್‌ಟಿಡಿ ಸೌಲಭ್ಯ ಇದೆ, ಸೊನ್ನೆ ಬಂದರೆ ಯಾವ ಕಡೆ ಕಳಿಸಬೇಕು ಎಲ್ಲವೂ. ಮುಂದೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಹಬ್ಬಿದಾಗ ಡಯಲಿನ ಬೀಗ ಹೋಗಿ ಎಸ್‌ಟಿಡಿ ಲಾಕ್ ಬಂತು. ಬೀಗದ ಕೈ ಎಂದರೆ ನಾಲ್ಕಂಕಿಯ ಗುಟ್ಟಿನ ನಂಬರು, ಅದು ಕೂಡ ಎಕ್ಸ್‌ಚೇಂಜಿನ ನೆನಪಿನಲ್ಲೇ.

ನೆನಪು ಅಗ್ಗವಾಗಿ, ಸಣ್ಣದಾಗಿ, ಧೂಳಿಗೆ ಅಂಜದಂತಾದ ದಿನವೇ ಫೋನು ಹಳ್ಳಿಗೆ ಹೊರಟದ್ದು. ದೇಶದ ಟೆಲಿಫೋನ್ ಕ್ರಾಂತಿಯ ಶ್ರೇಯಸ್ಸನ್ನು ಹಂಚುವಾಗ ನಾವು ರಾಜೀವ್ ಗಾಂಧಿ, ಪಿತ್ರೋಡಾ, ಹಳದಿ ಬೂತು ಎಂದು ಎಣಿಸುತ್ತೇವೆ. ಆ ಎಣಿಕೆಯಲ್ಲಿ ಅಗ್ಗದ ಮೆಮೊರಿ ಚಿಪ್ಪಿಗೆ ಜಾಗ ಸಿಗುವುದೇ ಇಲ್ಲ. ಸಿ-ಡಾಟ್ ತನ್ನ ತಂತ್ರಜ್ಞಾನವನ್ನು ಹಲವು ಕಾರ್ಖಾನೆಗಳಿಗೆ ಹಂಚಿ, ದಿನಕ್ಕೊಂದು ಗ್ರಾಮೀಣ ಎಕ್ಸ್‌ಚೇಂಜ್ ಎಂಬ ಗುರಿ ಇಟ್ಟುಕೊಳ್ಳಲು ಸಾಧ್ಯವಾದದ್ದು ಅದರಿಂದಲೇ.

ಚಿಪ್ಪಿನ ನೆನಪಿಗೆ ಇನ್ನೊಂದು ಗುಣ. ಅದನ್ನು ಅಳಿಸಿ ಬರೆಯಬಹುದು. ಈ ಶತಮಾನದ ಆರಂಭದಲ್ಲಿ ಹತ್ತಿರದ ಊರುಗಳಿಗೆ ಸೊನ್ನೆಯ ಬದಲು 95 ಒತ್ತಿ ಎಂದರು, ಧಾರವಾಡದಿಂದ ಬೆಳಗಾವಿಗೆ 95831. ಕೆಲವೇ ವರ್ಷಕ್ಕೆ ಅದನ್ನು ಬಿಟ್ಟರು. ತಗಡಿನ ಕಾರ್ಡಿನ ಕಾಲವಾಗಿದ್ದರೆ ದೇಶದ ಅಷ್ಟೂ ಕಾರ್ಡು ಹೊಸದಾಗಿ ಕೊರೆಯಬೇಕಿತ್ತು, ಮತ್ತೆ ಎಸೆಯಬೇಕಿತ್ತು. 2011ರ ಜನವರಿಯಿಂದ ನಂಬರ್ ಬದಲಿಸದೆ ಮೊಬೈಲ್ ಕಂಪನಿ ಬದಲಿಸುವ ಸೌಲಭ್ಯ ದೇಶದ ಎಲ್ಲೆಡೆಗೂ ಬಂದ ಮೇಲೆ, ನಂಬರು ನೋಡಿ ಅದು ಯಾರ ಜಾಲದ್ದು ಎಂದು ಹೇಳುವಂತಿಲ್ಲ. ಪ್ರತಿ ಕರೆಗೂ ದೊಡ್ಡ ಪಟ್ಟಿಯೊಂದನ್ನು ತೆರೆದು ನೋಡಲೇಬೇಕು. ಸಾವಿರ ಕಾರ್ಡಿನ ಕೆಲಸವೇ ಇದು, ಕೋಟಿಗಳ ಲೆಕ್ಕದಲ್ಲಿ. ಇನ್ನು 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡಲು ಮೊದಲು ಸೊನ್ನೆ ಒತ್ತಬೇಕು. ಲ್ಯಾಂಡ್‌ಲೈನ್ ಉಳಿಸಿಕೊಂಡವರಿಗೆ ಮಾತ್ರ ಇದು ಗೊತ್ತು.

ಹಳೆಯ ಎಕ್ಸ್‌ಚೇಂಜುಗಳು ಕಳಚಿದಾಗ ಹೋದದ್ದು ಗುಜರಿಗೆ. ರಿಲೇಗಳ ತುದಿಯಲ್ಲಿ ಬೆಳ್ಳಿ ಇತ್ತು, ಸೆಲೆಕ್ಟರುಗಳಲ್ಲಿ ಹಿತ್ತಾಳೆ, ಕೇಬಲ್ಲುಗಳಲ್ಲಿ ತಾಮ್ರ. ಕೆಜಿ ಲೆಕ್ಕದಲ್ಲಿ ತೂಗಿದವರಿಗೆ ನಷ್ಟವಿಲ್ಲ. ಆದರೆ ಇಂಥ ಯಂತ್ರಗಳ ಒಂದೊಂದು ಮಾದರಿಯಾದರೂ ಈ ಜಿಲ್ಲೆಯಲ್ಲಿ ಉಳಿಯಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೇ ಬೆಳಗಾವಿಯಲ್ಲಿದೆ, ಎಂಜಿನಿಯರಿಂಗ್ ಕಾಲೇಜುಗಳಿಗೂ ಇಲ್ಲಿ ಬರವಿಲ್ಲ. ಒಂದು ಸ್ಟ್ರೌಜರ್ ಸೆಲೆಕ್ಟರು, ಒಂದು ರಿಲೇ ಚೌಕಟ್ಟು, ಒಂದು ಆರ್‌ಎಎಕ್ಸ್ ಪೆಟ್ಟಿಗೆ ಸಂಪಾದಿಸಿ ವಿದ್ಯಾರ್ಥಿಗಳ ಕೈಗೆ ಕೊಡುವುದು ಅವಕ್ಕೆ ಭಾರವಲ್ಲ. ಎರಡನೆಯ ಆರ್‌ಎಎಕ್ಸ್ ಸಿಕ್ಕರೆ ಅದನ್ನು ಕಿತ್ತೂರಿಗೇ ಕೊಡಲಿ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಲೈನ್‌ಮನ್, ಟೆಕ್ನಿಷಿಯನ್, ಆಪರೇಟರುಗಳು ಬೆಳಗಾವಿ, ಖಾನಾಪುರ, ಬೈಲಹೊಂಗಲಗಳಲ್ಲಿ ಇನ್ನೂ ಇದ್ದಾರೆ. ನಿಮ್ಮ ಅಟ್ಟದ ಮೇಲೆ ಅಂಥದ್ದೊಂದು ಬಿಡಿಭಾಗ, ಒಂದು ರೂಟ್ ಪುಸ್ತಕ, ಒಂದು ಟ್ರಂಕ್ ಚೀಟಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹತ್ತಿರದ ಕಾಲೇಜಿಗೆ ಕೊಡಿ, ಜೊತೆಗೆ ಅದು ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನೂ ಒಂದು ಪುಟದಲ್ಲಿ ಬರೆದುಕೊಡಿ.